ಘಾಟಿಯ ಗಡಿ, ತೆರಿಗೆಯ ಲೆಕ್ಕ

ಬಣಕಲ್ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನೀವು ಹಳೆಯ ಗಡಿಯೊಂದನ್ನು ದಾಟುತ್ತೀರಿ. 1956ರ ನವೆಂಬರ್ 1ಕ್ಕೆ ಮುಂಚೆ ನಮ್ಮೂರು ಮೈಸೂರು ರಾಜ್ಯದಲ್ಲಿತ್ತು. ಕೆಳಗಿನ ಬೆಳ್ತಂಗಡಿ ಮದ್ರಾಸಿಗೆ ಸೇರಿದ್ದ ಕಾಲವದು. ಪಾನನಿಷೇಧದಿಂದ ತಗ್ಗಿದ ಆದಾಯ ತುಂಬಲು ರಾಜಾಜಿ ಸರ್ಕಾರ 1939ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮಾರಾಟ ತೆರಿಗೆ ಹಾಕಿತು. ಮೈಸೂರಿನ ಕಾಯ್ದೆ 1948ರದು. ಹೀಗೆ ಒಂದೇ ಘಾಟಿಯ ಮೇಲೊಂದು, ಕೆಳಗೊಂದು ಕಾನೂನು!

ಏಕೀಕರಣದ ನಂತರ 1957ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಒಂದು ಸರಕಿಗೆ ದೇಶದಲ್ಲೆಲ್ಲ ಒಂದೇ ತೆರಿಗೆ ದರ. ಪೆಟ್ರೋಲ್, ಡೀಸೆಲ್‌ನಂಥ ಕೆಲವು ಸರಕುಗಳು ಇದರಿಂದ ಹೊರಗುಳಿದವು.

ವಿದ್ಯಾರ್ಥಿಗಳೇ, ಗಡಿಯಾಚೆ ಅಗ್ಗವೆಂದು ಹೋದವರು ಬಸ್ ಚಾರ್ಜನ್ನೂ ಕಳೆದು ನೋಡಬೇಕು. ರಶೀದಿ ಬೇಡವೆಂದು ಉಳಿಸಿದ ಹಣವಾದರೋ ಉಳಿತಾಯವೇ ಅಲ್ಲ. ಅದು ನಮ್ಮದೇ ಶಾಲೆ, ಆಸ್ಪತ್ರೆಗಳ ಹಕ್ಕು. ರಶೀದಿ ಕೇಳಿ ಪಡೆಯಿರಿ.