ಎರಿ ಹೊಲದ ಹರಳು, ಸುಣ್ಣದ ಭಟ್ಟಿ



ತಿಕೋಟಾ, ಬಬಲೇಶ್ವರ ಕಡೆ ಎರಿ ಹೊಲದಾಗ ನೇಗಿಲು ಆಳಕ್ಕ ಹೊಡದ್ರ ಬಿಳಿ ಸುಣ್ಣದ ಹರಳು ಏಳತಾವ. ದ್ರಾಕ್ಷಿ ಪಡ ಇದ್ದವರಿಗೆ ಇದು ತಲೆನೋವು. ಸುಣ್ಣ ಹೆಚ್ಚಿದ್ದ ಮಣ್ಣಾಗ ಬಳ್ಳಿಗೆ ಕಬ್ಬಿಣದ ಅಂಶ ಸರಿಯಾಗಿ ಸಿಗಂಗಿಲ್ಲ, ಚಿಗುರೆಲೆ ಹಳದಿ ಆಗತದ. ಆದರ ಒಂದು ಕಾಲಕ್ಕ ಇದೇ ಹರಳು ಹಳ್ಳಿಗೆ ರೊಕ್ಕ ತಂದಿತ್ತು.

ನಮ್ಮ ಸುತ್ತ ಇರೋದು ಕರಿಕಲ್ಲು. ಅದನ್ನ ಸುಟ್ಟರ ಸುಣ್ಣ ಬರಂಗಿಲ್ಲ. ಹಿಂಗಾಗಿ ಹಳ್ಳದ ದಂಡಿ, ಹೊಲದಾಗಿನ ಹರಳು ಆರಿಸಿ ಭಟ್ಟಿಗೆ ಹಾಕಬೇಕು. ಕಟ್ಟಿಗಿ-ಕುಳ್ಳು ಒಂದು ಪದರ, ಹರಳು ಒಂದು ಪದರ. ಸುಮಾರು 900 ಡಿಗ್ರಿ ಕಾವು ಬೇಕು. ಶುದ್ಧ ಸುಣ್ಣಕಲ್ಲು 100 ಕೆಜಿ ಸುಟ್ಟರ ಉಳಿಯೋದು 56 ಕೆಜಿ, ಬಾಕಿ ಗಾಳಿಗೆ ಹೋಗತದ. ನಮ್ಮ ಹರಳಿನಾಗ ಮಣ್ಣು ಕೂಡಿರತದ. ಅದಕ್ಕ ಸುಣ್ಣ ಅಷ್ಟು ಬೆಳ್ಳಗ ಇರಂಗಿಲ್ಲ. ಆದರ ಆ ಮಣ್ಣಿನಿಂದನ ಅದು ಹಸಿ ಇದ್ದಲ್ಲೂ ಗಟ್ಟಿ ಹಿಡೀತದ. ಬಾವಿ, ಕೆರೆ ಕಟ್ಟಾಕ ಇಂಥಾದ್ದೇ ಬೇಕು.

ಆದಿಲಶಾಹಿ ಕಾಲದ ವಿಜಯಪುರ ನೋಡ್ರಿ. ಕೋಟೆ ಗೋಡೆ 1565, ತಾಜ ಬಾವಡಿ 1620, ಬೇಗಂ ತಲಾಬ 1651, ಗೋಳಗುಮ್ಮಟ 1656. ಒಳಗ ಸುಮಾರು 38 ಮೀಟರ್ ಅಗಲದ ಆ ಗುಮ್ಮಟಕ್ಕ ಒಂದು ಕಂಬ ಇಲ್ಲ, ಇಟ್ಟಂಗಿ ಮತ್ತ ಗಚ್ಚಿನ ಮ್ಯಾಲೆ ನಿಂತದ. ಕಟ್ಟಿಸಿದ ಸುಲ್ತಾನರ ಹೆಸರು ಎಲ್ಲಾರಿಗೂ ಗೊತ್ತು. ಆದರ ಹರಳು ಆರಿಸಿದವರು, ಕಟ್ಟಿಗಿ ಕಡದವರು, ಬಂಡಿ ಹೊಡದವರು, ಗಾಣಕ್ಕ ಎತ್ತು ಕಟ್ಟಿ ಗಚ್ಚು ಅರದವರು ಹಳ್ಳಿ ಮಂದಿನೇ. ಸುಗ್ಗಿ ಮುಗಿದ ಮ್ಯಾಲೆ ಎತ್ತು, ಬಂಡಿ ಖಾಲಿ ನಿಂತಾಗ ಇಂಥಾ ಕೆಲಸ ಆಸರ ಆಗತಿತ್ತು. ಸುಣಗಾರ ಅನ್ನೋ ಅಡ್ಡಹೆಸರು ಆ ಕಸುಬಿನ ಗುರುತು.

ಮುಂದ ಸಿಮೆಂಟ್ ಬಂತು. ಚೀಲ ಬಿಚ್ಚಿದ್ರ ಆತು, ಸುಡೋದಿಲ್ಲ, ಅರಿಯೋದಿಲ್ಲ, ಲಗೂನ ಗಟ್ಟಿ ಆಗತದ. ಭಟ್ಟಿ ಆರಿದ್ವು. ಸುಣ್ಣ ಕೆಟ್ಟದ್ದು ಅಂತ ಆರಲಿಲ್ಲ, ಅದಕ್ಕ ದುಡಿಮೆ ಹೆಚ್ಚು ಅಂತ ಆರಿದ್ವು.

ಇವತ್ತು ಊರಿನ ಹಳೇ ಬಾವಿ, ಗುಡಿ ರಿಪೇರಿಗೆ ಸಿಮೆಂಟ್ ಮೆತ್ತತಾರ. ಸುಣ್ಣದ ಗೋಡಿ ಹಸಿ ಹೊರಗ ಬಿಡತದ, ಸಿಮೆಂಟ್ ಒಳಗ ಹಿಡಿದು ಕೂಡತದ. ಆ ಹಸಿಯಿಂದ ಹಳೇ ಗಚ್ಚು ಸಡಿಲಾಗಿ ಕಲ್ಲು ಕಳಚತಾವ. ಅಂಥ ಕೆಲಸ ನಿಮ್ಮೂರಾಗ ಬಂದ್ರ ಸುಣ್ಣದ ಗಾರೆನೇ ಹಾಕ್ರಿ ಅಂತ ಕೇಳ್ರಿ. ಭಟ್ಟಿ ಸುಟ್ಟ ಹಿರ್ಯಾರು ಇದ್ದರ ಹರಳು-ಕಟ್ಟಿಗಿ ಲೆಕ್ಕ, ಅರಿಯೋ ಹದ ಈಗನ ಬರಕೋರಿ. ಅವರು ಹೋದ ಮ್ಯಾಲೆ ಹೇಳೋರು ಸಿಗಂಗಿಲ್ಲ.