ನಕಲು ಫ್ಲಾಪಿಯಿಂದ ಕ್ರ್ಯಾಕ್ ಮಾಡಿದ ವಿಂಡೋಸ್‌ವರೆಗೆ: ಮನೆಗೆ ವೈರಸ್ ಬಂದ ದಾರಿ

ಐಬಿಎಂ ಪಿಸಿಗೆ ಬಂದ ಮೊತ್ತಮೊದಲ ವೈರಸ್ಸಿನ ಹೊಟ್ಟೆಯೊಳಗೆ ಅದನ್ನು ಬರೆದವರ ಹೆಸರು, ಅಂಗಡಿ ವಿಳಾಸ, ಫೋನ್ ನಂಬರು ಎಲ್ಲಾ ಇತ್ತು ಅಂದರೆ ನಂಬ್ತೀರಾ? ಇತ್ತು. ಊರು ಲಾಹೋರ್, ವರ್ಷ 1986. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ವೈರಸ್ಸಿನ ಹೆಸರು ಬ್ರೈನ್.

ಅಲ್ವಿ ಸಹೋದರರು ತಂತ್ರಾಂಶ ಬರೆದು ಮಾರುತ್ತಿದ್ದರು. ವೈದ್ಯಕೀಯಕ್ಕೆ ಸಂಬಂಧಪಟ್ಟ ತಮ್ಮ ತಂತ್ರಾಂಶವನ್ನು ಜನ ಕಾಸು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆ, ಅದನ್ನು ಹಿಡಿಯೋಣ ಅಂತ ಇದನ್ನು ಬರೆದೆವು ಎನ್ನುವುದು ಅವರ ಸಮಜಾಯಿಷಿ. ಬ್ರೈನ್ ಕೂರುತ್ತಿದ್ದದ್ದು 360 ಕೆಬಿ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ. ಅಂದರೆ ಫ್ಲಾಪಿ ಹಾಕಿ ಗಣಕ ಚಾಲೂ ಮಾಡಿದಾಗ ಅದು ಎಲ್ಲಕ್ಕಿಂತ ಮೊದಲು ಓದುವ ಪುಟ್ಟ ಜಾಗ. ಅಲ್ಲಿಂದ ಮೆಮೊರಿಗೆ ಏರಿ, ಆಮೇಲೆ ಹಾಕಿದ ಫ್ಲಾಪಿಗಳಿಗೆಲ್ಲ ಅಂಟಿಕೊಳ್ಳುತ್ತಿತ್ತು. ಯಾರಾದರೂ ಬೂಟ್ ಸೆಕ್ಟರನ್ನು ಓದಿ ಪರೀಕ್ಷಿಸಲು ಹೋದರೆ ತನ್ನನ್ನು ಬಚ್ಚಿಟ್ಟುಕೊಂಡು, ಜೋಪಾನ ಮಾಡಿಟ್ಟಿದ್ದ ಮೂಲ ಬೂಟ್ ಸೆಕ್ಟರನ್ನು ತೋರಿಸುತ್ತಿತ್ತು! 1986ಕ್ಕೇ ಇಷ್ಟು ಕಿಲಾಡಿತನ.

ಆದರೆ ಕಥೆ ಅಷ್ಟು ನೇರವಾಗಿಲ್ಲ. 1988ರಲ್ಲಿ ಟೈಮ್ ಪತ್ರಿಕೆ ಈ ಅಂಗಡಿಯ ಬಗ್ಗೆ ಬರೆದಾಗ ಇನ್ನೊಂದು ಮುಖ ಹೊರಬಂತು. ನಕಲಿನ ಮೇಲೆ ಸಿಟ್ಟಾಗಿದ್ದ ಇದೇ ಅಂಗಡಿಯಲ್ಲಿ ಲೋಟಸ್‌ನಂಥ ದುಬಾರಿ ವಿದೇಶಿ ತಂತ್ರಾಂಶಗಳ ನಕಲು ಪ್ರತಿಗಳು ಅಗ್ಗಕ್ಕೆ ಬಿಕರಿಯಾಗುತ್ತಿದ್ದವಂತೆ. ಅದರಲ್ಲೂ ಕೊಳ್ಳಲು ಬಂದವರು ವಿದೇಶಿಯರಾದರೆ ವೈರಸ್ ಇರುವ ಫ್ಲಾಪಿ, ಸ್ಥಳೀಯರಾದರೆ ಸ್ವಚ್ಛ ಫ್ಲಾಪಿ! ಬ್ರೈನ್ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ತಲುಪಿದ್ದು ಹೀಗೆ ಕೈಯಿಂದ ಕೈಗೆ ದಾಟಿದ ಫ್ಲಾಪಿಗಳಿಂದ. 2011ರಲ್ಲಿ ಫಿನ್ಲೆಂಡಿನ ವೈರಸ್ ತಜ್ಞ ಮಿಕ್ಕೋ ಹಿಪ್ಪೋನೆನ್ ಆ ಹಳೇ ವಿಳಾಸ ಹಿಡಿದು ಲಾಹೋರಿಗೆ ಹೋಗಿ ಬಾಗಿಲು ತಟ್ಟಿದರೆ, ತೆಗೆದವರು ಅದೇ ಅಣ್ಣತಮ್ಮಂದಿರು. ಅಷ್ಟರಲ್ಲಿ ಅವರು ಅಂತರಜಾಲ ಸಂಪರ್ಕ ಕೊಡುವ ಕಂಪನಿಯ ಮಾಲೀಕರಾಗಿದ್ದರು :)

(ಬ್ರೈನ್‌ಗಿಂತ ಮೊದಲೇ, 1982ರಲ್ಲಿ, ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿದ್ದ ರಿಚ್ ಸ್ಕ್ರೆಂಟಾ ಎಂಬ ಹುಡುಗ ಆಪಲ್ 2 ಗಣಕಕ್ಕೆ ಎಲ್ಕ್ ಕ್ಲೋನರ್ ಎಂಬ ವೈರಸ್ ಬರೆದಿದ್ದ. ಅದು ಹಬ್ಬಿದ್ದೂ ಗೆಳೆಯರ ನಡುವೆ ಓಡಾಡುತ್ತಿದ್ದ ಆಟದ ಫ್ಲಾಪಿಗಳಲ್ಲೇ.)

ವೈರಸ್ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಿಡಿಗೇಡಿ ಹುಡುಗರು, ಹ್ಯಾಕರುಗಳು, ದೇಶದೇಶಗಳ ಬೇಹುಗಾರಿಕೆ ಅಂತ ಹೋಗುತ್ತಾರೆ. ಅದೆಲ್ಲ ನಿಜವೇ. ಆದರೆ ಮನೆಯ ಗಣಕದ ಮಟ್ಟಿಗೆ ನನಗೆ ಎದ್ದು ಕಾಣುವುದು ನಕಲಿಗೂ ವೈರಸ್ಸಿಗೂ ಇರುವ ನಂಟು.

1989ರ ಡಿಸೆಂಬರಿನ ಪ್ರಕರಣ ನೋಡಿ. ಸುಮಾರು 20,000 ಫ್ಲಾಪಿಗಳು ಅಂಚೆಯಲ್ಲಿ ಬೇರೆಬೇರೆ ದೇಶಗಳ ಜನರಿಗೆ ಬಂದವು. ಏಡ್ಸ್ ಬಗ್ಗೆ ಮಾಹಿತಿ ಇರುವ ಫ್ಲಾಪಿ ಅಂತ ಹೆಸರು. ಕಳಿಸಿದ್ದು ಜೋಸೆಫ್ ಪಾಪ್ ಎಂಬ ಜೀವವಿಜ್ಞಾನಿ ಎಂದು ಆಮೇಲೆ ಆರೋಪ ಬಂತು. ಇನ್‌ಸ್ಟಾಲ್ ಮಾಡಿಕೊಂಡ ಗಣಕ 90 ಸಲ ಚಾಲೂ ಆಗುವವರೆಗೆ ಸುಮ್ಮನಿದ್ದು, ಆಮೇಲೆ ಕಡತಗಳ ಹೆಸರುಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, 189 ಡಾಲರನ್ನು ಪನಾಮಾದ ಅಂಚೆ ಪೆಟ್ಟಿಗೆಗೆ ಕಳಿಸಿ ಎನ್ನುತ್ತಿತ್ತು. ಇವತ್ತು ರ‍್ಯಾನ್ಸಮ್‌ವೇರ್ ಅನ್ನುತ್ತೇವಲ್ಲ, ಅದರ ಮುತ್ತಜ್ಜ ಇದು. ತಮಾಷೆಯೆಂದರೆ ಆ 189 ಡಾಲರನ್ನು ಅದು ಸುಲಿಗೆ ಅಂತ ಕರೆದುಕೊಳ್ಳಲೇ ಇಲ್ಲ. ತಂತ್ರಾಂಶದ ಲೈಸೆನ್ಸ್ ಶುಲ್ಕ ಬಾಕಿ ಇದೆ, ಕಟ್ಟಿ ಎಂದು ಕೇಳುತ್ತಿತ್ತು! ಪಾಪ್ ಮೇಲಿನ ಮೊಕದ್ದಮೆ ಕೊನೆ ಮುಟ್ಟಲಿಲ್ಲ, ವಿಚಾರಣೆ ಎದುರಿಸುವಷ್ಟು ಅವರ ಮನಸ್ಥಿತಿ ಸರಿಯಿಲ್ಲ ಎಂದು ಬ್ರಿಟನ್ನಿನಲ್ಲಿ ಬಿಟ್ಟುಬಿಟ್ಟರು.

ಇನ್ನು ನಮ್ಮ ಕಡೆಗೆ ಬರೋಣ. 2000ದ ಆಚೀಚೆ ನಮ್ಮಲ್ಲಿ ಮನೆಗೆ ಗಣಕ ಬಂದದ್ದು ಹೆಚ್ಚಾಗಿ ಅಸೆಂಬಲ್ಡ್ ರೂಪದಲ್ಲಿ. ಮದರ್‌ಬೋರ್ಡಿಗೆ ಇಷ್ಟು, ಹಾರ್ಡ್ ಡಿಸ್ಕಿಗೆ ಇಷ್ಟು ಅಂತ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಆ ಚೀಟಿಯಲ್ಲಿ ವಿಂಡೋಸಿನ ಸಾಲು ಎಷ್ಟು ಜನರ ಮನೆಯಲ್ಲಿತ್ತು ಹೇಳಿ? ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲಾ "ಹಾಕಿಕೊಡುವ" ಸರಕುಗಳಾಗಿದ್ದವು, ಕೊಳ್ಳುವ ಸರಕುಗಳಲ್ಲ. 2008ರಲ್ಲಿ ಭಾರತದಲ್ಲಿ ಬಳಕೆಯಾದ ತಂತ್ರಾಂಶದಲ್ಲಿ 68% ನಕಲಿ ಅಂತ ಉದ್ಯಮದವರ ಸಂಘವಾದ ಬಿಎಸ್ಎ ಅಂದಾಜು ಮಾಡಿತ್ತು. ಲೆಕ್ಕ ಹಾಕಿದವರು ಮಾರುವವರೇ ಆದ್ದರಿಂದ ಒಂದಿಷ್ಟು ಕಳೆದುಕೊಂಡೇ ಓದಬೇಕು. ಆದರೂ ಒಟ್ಟು ಚಿತ್ರ ಸುಳ್ಳಲ್ಲ ಅನ್ನುವುದು ನಿಮಗೂ ಗೊತ್ತು. ಉಚಿತವಾಗಿ ಸಿಗುತ್ತಿದ್ದ ನುಡಿ, ಬರಹಗಳನ್ನು ಮಾತ್ರ ನಾವು ನ್ಯಾಯವಾಗಿ ಬಳಸುತ್ತಿದ್ದೆವೇನೋ!

ನಕಲಿ ಸಿಡಿಯೊಳಗೇ ವೈರಸ್ ಇರಬಹುದು ಎನ್ನುವುದು ಒಂದು ಅಪಾಯ. ದೊಡ್ಡ ಅಪಾಯ ಬೇರೆಯೇ ಇತ್ತು. ಅದು ತೇಪೆ ಹಾಕದೆ ಬಿಡುವುದು. ತೇಪೆ ಅಂದರೆ ಪ್ಯಾಚ್. ತಂತ್ರಾಂಶದಲ್ಲಿ ತೂತು ಕಂಡಾಗ ಅದನ್ನು ಮುಚ್ಚಲು ಕಂಪನಿ ಕೊಡುವ ಸಣ್ಣ ಸರಿಪಡಿಕೆ.

2003ರ ಆಗಸ್ಟ್ 11ರಂದು ಬ್ಲಾಸ್ಟರ್ ಬಂತು. ಯಾವ ಕಡತವನ್ನೂ ನೀವು ತೆರೆಯಬೇಕಿರಲಿಲ್ಲ. ಅಂತರಜಾಲಕ್ಕೆ ಸಂಪರ್ಕ ಕೊಟ್ಟರೆ ಸಾಕು, ತಾನೇ ಒಳಗೆ ಬರುತ್ತಿತ್ತು. ಆಮೇಲೆ ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಶುರುವಾಗಿ ಗಣಕ ತಾನಾಗಿಯೇ ಮರುಚಾಲನೆ. ಈ ತೂತಿಗೆ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿದ್ದು ಜುಲೈ 16ಕ್ಕೆ. ಅಂದರೆ 26 ದಿನ ಮೊದಲೇ! ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಸಿಕ್ಕಿಬಿದ್ದ ಮೇಲೆ ತೇಪೆ ಇಳಿಸಿಕೊಳ್ಳೋಣವೆಂದರೆ ಇಳಿಸುವಷ್ಟರಲ್ಲಿ ಎಣಿಕೆ ಮುಗಿದಿರುತ್ತಿತ್ತು. ಎಕ್ಸ್‌ಪಿಯಲ್ಲಿ ಆಗಲೇ ಒಂದು ಫೈರ್‌ವಾಲ್ ಇತ್ತು. ಆದರೆ ಸಾಮಾನ್ಯವಾಗಿ ಅದು ಆಫ್ ಆಗಿರುತ್ತಿತ್ತು, ನಾವೇ ಹುಡುಕಿ ಹಚ್ಚಬೇಕಿತ್ತು. ಬಾಗಿಲಿಗೆ ಚಿಲಕ ಮಾಡಿಸಿ, ಹಾಕದೆ ಬಿಟ್ಟಂತೆ. ಈ ತಪ್ಪನ್ನು ಕಂಪನಿ ತಿದ್ದಿಕೊಂಡಿದ್ದು 2004ರ ಆಗಸ್ಟಿನ ಸರ್ವಿಸ್ ಪ್ಯಾಕ್ 2ರಲ್ಲಿ. ಫೈರ್‌ವಾಲ್ ತಾನಾಗಿಯೇ ಆನ್ ಆಯಿತು.

ಸರಿ, ಆ ಪ್ಯಾಕಿನ ಗಾತ್ರ ಎಷ್ಟು? ಪೂರ್ತಿ ಕಡತ ಸುಮಾರು 266 ಎಂಬಿ. 56 ಕೆಬಿಪಿಎಸ್ ಡಯಲ್ ಅಪ್‌ನಲ್ಲಿ, ಒಂದು ಸಲವೂ ಕಟ್ ಆಗದೆ ಪೂರ್ತಿ ವೇಗ ಸಿಕ್ಕರೂ, ಹತ್ತು ಗಂಟೆಗಿಂತ ಹೆಚ್ಚು. ಪೂರ್ತಿ ವೇಗ ಯಾವತ್ತು ಸಿಕ್ಕಿತ್ತು? ಅಷ್ಟು ಹೊತ್ತು ಫೋನೂ ಎಂಗೇಜು, ಬಿಲ್ಲೂ ಏರು. ಆಮೇಲೆ ಬ್ರಾಡ್‌ಬ್ಯಾಂಡ್ ಬಂದಾಗಲೂ ತಿಂಗಳಿಗೆ ಇಷ್ಟೇ ಎಂಬಿ ಎಂಬ ಲೆಕ್ಕ. ಹಾಗಾಗಿ ಅಪ್‌ಡೇಟ್ ಆಫ್ ಮಾಡುವುದು ನಮ್ಮಲ್ಲಿ ಬರೀ ಸೋಮಾರಿತನ ಆಗಿರಲಿಲ್ಲ, ಮನೆಯ ಉಳಿತಾಯದ ಭಾಗವಾಗಿತ್ತು.

ಅದರ ಮೇಲೆ 2006ರಲ್ಲಿ ಇನ್ನೊಂದು ಬಂತು. ಕೆಬಿ905474 ಎಂಬ ಅಪ್‌ಡೇಟ್ ನೆನಪಿದೆಯಾ? ವಿಂಡೋಸ್ ಅಸಲಿಯೋ ನಕಲಿಯೋ ಅಂತ ನೋಡಿ, ನಕಲಿಯಾದರೆ ಪರದೆಯ ಮೂಲೆಯಲ್ಲಿ ಕುಳಿತು ಎಚ್ಚರಿಸುತ್ತಿದ್ದದ್ದು ಅದೇ. 2008ರಲ್ಲಿ ಇನ್ನೂ ಮುಂದಕ್ಕೆ ಹೋಗಿ, ನಕಲಿ ಎಕ್ಸ್‌ಪಿ ಪ್ರೊಫೆಷನಲ್ಲಿನ ಡೆಸ್ಕ್‌ಟಾಪನ್ನು ಗಂಟೆಗೊಮ್ಮೆ ಕಪ್ಪು ಮಾಡತೊಡಗಿದರು. ವಿಚಿತ್ರ ನೋಡಿ, ನಕಲಿ ಪ್ರತಿಗಳಿಗೂ ಭದ್ರತೆಯ ತೇಪೆಗಳನ್ನು ಆಟೋಮ್ಯಾಟಿಕ್ ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್ ಕೊಡುತ್ತಲೇ ಇತ್ತು. ಆದರೆ ಯಾವುದು ತೇಪೆ, ಯಾವುದು ಪೊಲೀಸು ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿಬಿಡಿ ಎಂಬ ಸಲಹೆ ಬಾಯಿಂದ ಬಾಯಿಗೆ ಹೋಯಿತು. ಎರಡನ್ನೂ ಒಂದೇ ಬಾಗಿಲಿನಿಂದ ಕಳಿಸಿದ್ದು ಕಂಪನಿಯ ದೊಡ್ಡ ಅವಿವೇಕ ಎಂದೇ ನನ್ನ ಅನಿಸಿಕೆ.

ಅಸಲಿ ಕೊಂಡವರು ಕ್ಷೇಮವಾಗಿದ್ದರು ಅಂದುಕೊಳ್ಳಬೇಡಿ. 2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞ ತಮ್ಮ ಬ್ಲಾಗಿನಲ್ಲಿ (ಹೌದು, ಬ್ಲಾಗಿನಲ್ಲಿ!) ಒಂದು ಸುದ್ದಿ ಬರೆದರು. ಕಾಸು ಕೊಟ್ಟು ಕೊಂಡ ಸೋನಿ ಬಿಎಂಜಿಯ ಹಾಡಿನ ಸಿಡಿಯೊಂದು ಅವರ ಗಣಕದಲ್ಲಿ ರೂಟ್‌ಕಿಟ್ ಹಾಕಿತ್ತು. ಅಂದರೆ ವಿಂಡೋಸಿಗೇ ಕಾಣದಂತೆ ಅಡಗಿ ಕೂರುವ ತಂತ್ರಾಂಶ. ಉದ್ದೇಶ ಹಾಡು ನಕಲಾಗದಂತೆ ತಡೆಯುವುದು! ಅದು ಮಾಡಿದ ಅಡಗುತಾಣದಲ್ಲಿ ಬೇರೆ ವೈರಸ್ಸುಗಳೂ ಬಂದು ಕೂತವು. ಸೋನಿ ಆ ಸಿಡಿಗಳನ್ನು ವಾಪಸ್ ತರಿಸಿಕೊಳ್ಳಬೇಕಾಯಿತು. ಗೆಳೆಯನಿಂದ ಎಂಪಿ3 ಕಾಪಿ ಮಾಡಿಕೊಂಡವನಿಗೆ ಏನೂ ಆಗಲಿಲ್ಲ. ಲಾಹೋರಿನ ಅಂಗಡಿಯವರು ಮಾಡಿದ್ದನ್ನೇ ಬಹುರಾಷ್ಟ್ರೀಯ ಕಂಪನಿ ಇಪ್ಪತ್ತು ವರ್ಷ ಕಳೆದ ಮೇಲೆ ಮಾಡಿತು, ಅಷ್ಟೇ.

2008ರ ನವೆಂಬರಿನಲ್ಲಿ ಕಾನ್‌ಫಿಕರ್. ತೇಪೆ ಬಂದದ್ದು ಅಕ್ಟೋಬರ್ 23ಕ್ಕೆ, ಹುಳು ಬಂದದ್ದು ಅದಾಗಿ ಒಂದು ತಿಂಗಳೊಳಗೆ. ನಮ್ಮಲ್ಲಿ ಇದಕ್ಕೆ ಸಿಕ್ಕ ಪಲ್ಲಕ್ಕಿ ಪೆನ್ ಡ್ರೈವ್. ಡಿಟಿಪಿ ಸೆಂಟರು, ಸೈಬರ್ ಕೆಫೆ, ಫೋಟೋ ಸ್ಟುಡಿಯೋ, ಕಾಲೇಜಿನ ಲ್ಯಾಬು... ಎಲ್ಲಿ ಚುಚ್ಚಿ ತಂದರೂ ಜೊತೆಗೊಂದು ಆಟೋರನ್ ಕಡತ. ವಿಂಡೋಸ್ 95ರ ಕಾಲದಲ್ಲಿ ಸಿಡಿ ಹಾಕಿದೊಡನೆ ತಾನೇ ಓಡಲಿ ಅಂತ ಕೊಟ್ಟ ಸೌಕರ್ಯ ಅದು. ಕಾನ್‌ಫಿಕರ್ ಅದನ್ನು ಬಳಸಿ, ಫೋಲ್ಡರ್ ತೆರೆಯಿರಿ ಎಂಬ ಸಾಧು ಚಿತ್ರವನ್ನು ತೋರಿಸಿ, ಕ್ಲಿಕ್ಕಿಸಿದರೆ ತಾನು ಎದ್ದು ಕೂರುತ್ತಿತ್ತು. ಒಳಗೆ ಸೇರಿದ ಮೇಲೆ ಮೊದಲ ಕೆಲಸ, ಆಂಟಿವೈರಸ್ ತಾಣಗಳಿಗೆ ದಾರಿ ಬಂದ್ ಮಾಡುವುದು. ಬರೆದವರ ಸುಳಿವು ಕೊಟ್ಟವರಿಗೆ ಎರಡೂವರೆ ಲಕ್ಷ ಡಾಲರ್ ಬಹುಮಾನ ಅಂತ ಮೈಕ್ರೋಸಾಫ್ಟ್ 2009ರಲ್ಲಿ ಸಾರಿತು. ಪೆನ್ ಡ್ರೈವಿನಿಂದ ತಾನಾಗಿ ಓಡುವುದನ್ನು ಎಕ್ಸ್‌ಪಿ, ವಿಸ್ಟಾಗಳಲ್ಲಿ ಅಪ್‌ಡೇಟ್ ಮೂಲಕ ನಿಲ್ಲಿಸಿದ್ದು 2011ರ ಫೆಬ್ರವರಿಯಲ್ಲಿ. ಅಪ್‌ಡೇಟ್ ಬಂದ್ ಮಾಡಿಕೊಂಡವರಿಗೆ ಅದೂ ತಲುಪಲಿಲ್ಲ.

2017ರ ಮೇ 12ರ ವಾನ್ನಾಕ್ರೈ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪತ್ರಿಕೆಗಳಲ್ಲಿ ಸಾಕಷ್ಟು ಬಂದಿತ್ತು. ತೇಪೆ ಮಾರ್ಚ್ 14ಕ್ಕೇ ಇತ್ತು. 59 ದಿನ.

ಇವತ್ತು ಪರಿಸ್ಥಿತಿ ಎಷ್ಟೋ ಮೇಲು. 2012ರ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಮನೆ ಬಳಕೆಗೆ ಅದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಡೇಟಾ ಅಗ್ಗವಾಗಿದೆ, ಅಪ್‌ಡೇಟಿಗೆ ಹೆದರಬೇಕಿಲ್ಲ. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹನ್ನೊಂದಕ್ಕೆ ಏರಲಾಗದ ಹಳೇ ಗಣಕ ಮನೆಯಲ್ಲಿದ್ದರೆ ಉಬುಂಟು ಹಾಕಿ ನೋಡಬಹುದು. ಕಾಸಿಲ್ಲ, ಕ್ರ್ಯಾಕ್ ಬೇಕಿಲ್ಲ.

ಕ್ರ್ಯಾಕ್ ಅಂದೆನಲ್ಲ, ಅದರ ರೂಢಿ ಮಾತ್ರ ಹೋಗಿಲ್ಲ. ವಿಂಡೋಸನ್ನೋ ಫೋಟೋಶಾಪನ್ನೋ ಪುಕ್ಕಟೆ "ಆಕ್ಟಿವೇಟ್" ಮಾಡಿಕೊಡುವ ಕಡತಗಳ ಜೊತೆ ಒಂದು ಸೂಚನೆ ಇದ್ದೇ ಇರುತ್ತದೆ. ಮೊದಲು ಆಂಟಿವೈರಸ್ ಆಫ್ ಮಾಡಿ! ಈಗ ಇವುಗಳಲ್ಲಿ ಬರುವ ಕುತಂತ್ರಾಂಶ ಪರದೆ ಕಪ್ಪು ಮಾಡುವುದಿಲ್ಲ, ಎಣಿಕೆ ತೋರಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಲಾಗಿನ್ ಆಗಿರುವ ಕುಕಿಗಳನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತದೆ. ಕುಕಿ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡು, ಒಟಿಪಿ ಎರಡೂ ಬೇಕಾಗುವುದಿಲ್ಲ.

ಯಾರೋ ಪರಿಚಯದವರು "ಎಲ್ಲಾ ಹಾಕಿಕೊಟ್ಟ" ಗಣಕ ನಿಮ್ಮ ಮನೆಯಲ್ಲಿದ್ದರೆ ಒಂದು ಕಡೆ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ, ಮ್ಯಾನೇಜ್ ಸೆಟ್ಟಿಂಗ್ಸ್‌ನ ಕೆಳಗಡೆ ಎಕ್ಸ್‌ಕ್ಲೂಷನ್ಸ್ ಅಂತಿದೆ. ಡಿಫೆಂಡರ್ ಕಣ್ಣು ಹಾಯಿಸಬಾರದ ಜಾಗಗಳ ಪಟ್ಟಿ ಅದು. ನೀವು ಏನೂ ಸೇರಿಸಿಲ್ಲವಾದರೆ ಖಾಲಿ ಇರಬೇಕು. ಅಲ್ಲಿ ಯಾವುದೋ ಫೋಲ್ಡರೋ, ಇಡೀ ಸಿ ಡ್ರೈವೋ ಕಂಡರೆ ತೆಗೆದುಹಾಕಿ, ಅಲ್ಲೇ ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಪಾಸ್‌ವರ್ಡುಗಳನ್ನು ಬದಲಾಯಿಸುವ ಕೆಲಸವನ್ನು ಮಾತ್ರ ಬೇರೆ ಗಣಕದಿಂದ ಮಾಡಿ.