ಮೂರನೆಯ ಚುಚ್ಚುಮದ್ದು ಏಕೆ?



2022ರ ಜನವರಿ 10ರಂದು ನಮ್ಮ ದೇಶದಲ್ಲಿ ಅರವತ್ತು ದಾಟಿದ, ಬೇರೆ ಕಾಯಿಲೆಗಳೂ ಇರುವ ಹಿರಿಯರಿಗೆ ಕೋವಿಡ್ ಲಸಿಕೆಯ 'ಮುನ್ನೆಚ್ಚರಿಕೆ ಡೋಸ್' ಕೊಡಲು ಆರಂಭಿಸಿದರು. ಮೈಸೂರಿನ ವೃದ್ಧಾಶ್ರಮವೊಂದರಲ್ಲಿದ್ದ ನನ್ನ ದೊಡ್ಡಕ್ಕನಿಗೆ ಆಗ ಎಪ್ಪತ್ತಾರು ವರ್ಷ; ಸಕ್ಕರೆ ಕಾಯಿಲೆಯೂ ಇತ್ತು. ಅವಳ ಕೋಣೆಯ ಜೊತೆಗಾತಿ ಹಿಂದಿನ ಮೇ ತಿಂಗಳಿನಲ್ಲಿ, ಎರಡನೆಯ ಡೋಸಿಗೆ ಕಾಯುತ್ತಿರುವಾಗಲೇ, ಕೋವಿಡ್‌ನಿಂದ ತೀರಿಕೊಂಡಿದ್ದರು. ಆದರೂ ಅಕ್ಕ ಫೋನಿನಲ್ಲಿ ಹಟ ಹಿಡಿದಳು: "ಎರಡು ಚುಚ್ಚಿಸ್ಕೊಂಡಾಯ್ತಲ್ಲೋ. ಚಿಕ್ಕೋರಿದ್ದಾಗ ಸಿಡುಬಿಗೆ ಒಂದ್ಸಲ ದಾಕು ಹಾಕಿದ್ರು, ಜನ್ಮಕ್ಕೆಲ್ಲ ಸಾಕಾಯ್ತು. ಇದಕ್ಕೆ ಮತ್ತೆ ಮತ್ತೆ ಯಾಕೆ?"

"ಸರ್ಕಾರ ಹೇಳಿದೆಯಲ್ಲ" ಎಂದುಬಿಟ್ಟೆ. ಜೀವಮಾನವೆಲ್ಲ ಪಾಠ ಹೇಳಿದವನು ಕೊಡುವ ಉತ್ತರ ಅದಲ್ಲ. ಅಂದಿನಿಂದ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿಡುಬಿನ ಲಸಿಕೆಯೂ ಜನ್ಮಕ್ಕೆಲ್ಲ ಸಾಲುತ್ತಿರಲಿಲ್ಲ. 1798ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ ಎಡ್ವರ್ಡ್ ಜೆನ್ನರ್, ರಕ್ಷಣೆ ಆಜೀವ ಉಳಿಯುತ್ತದೆಂದೇ ನಂಬಿದ್ದನು. ಆದರೆ ಮುಂದಿನ ದಶಕಗಳಲ್ಲಿ, ಬಾಲ್ಯದಲ್ಲಿ ಲಸಿಕೆ ಪಡೆದವರಿಗೂ ದೊಡ್ಡವರಾದ ಮೇಲೆ ಸಿಡುಬು ಬರತೊಡಗಿತು. ಪ್ರಷ್ಯಾ ತನ್ನ ಸೈನಿಕರಿಗೆ 1834ರಿಂದ ಮರುಲಸಿಕೆ ಹಾಕಿಸಿತು. 1874ರ ಜರ್ಮನ್ ಕಾನೂನು ಶೈಶವದಲ್ಲಿ ಒಮ್ಮೆ, ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಲಸಿಕೆಯನ್ನು ಕಡ್ಡಾಯ ಮಾಡಿತು. ನಮ್ಮ ಪೀಳಿಗೆಯವರು ಉಳಿದುಕೊಂಡದ್ದು ಒಂದು ದಾಕಿನ ಬಲದಿಂದ ಮಾತ್ರವಲ್ಲ. ಸಿಡುಬೇ ಭೂಮಿಯಿಂದ ಅಳಿದುಹೋಗಿದ್ದರಿಂದ.

ಹಾಗಾದರೆ ಮುದಿದೇಹ ಎಲ್ಲವನ್ನೂ ಮರೆಯುತ್ತದೆಯೇ? ಇಲ್ಲ. 1846ರಲ್ಲಿ ಫ್ಯಾರೋ ದ್ವೀಪಗಳಲ್ಲಿ ದಡಾರ ಹರಡಿ, ಸುಮಾರು 7,800 ಜನರಲ್ಲಿ 6,000 ಮಂದಿ ಮಲಗಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಂ ಒಂದು ವಿಶೇಷವನ್ನು ಗಮನಿಸಿದನು: 1781ರಲ್ಲಿ ದಡಾರವನ್ನು ಅನುಭವಿಸಿದ್ದ ವೃದ್ಧರಿಗೆ, ಅರವತ್ತೈದು ವರ್ಷಗಳ ನಂತರವೂ ಅದು ಮತ್ತೆ ತಗುಲಲಿಲ್ಲ.

ಮುಪ್ಪಿನಲ್ಲಿ ಹಳೆಯ ಪಾಠ ಉಳಿಯಬಲ್ಲದು. ಕಷ್ಟವಾಗುವುದು ಹೊಸ ಪಾಠ. ಎದೆಯೊಳಗಿನ ಥೈಮಸ್ ಗ್ರಂಥಿ ವಯಸ್ಸಾದಂತೆ ಕುಗ್ಗುತ್ತದೆ. ಅಪರಿಚಿತ ವೈರಿಯನ್ನು ಗುರುತಿಸಬಲ್ಲ ಹೊಸ ಟಿ-ಕೋಶಗಳು ಕಡಿಮೆಯಾಗುತ್ತವೆ. ಕೊರೊನಾ ವೈರಾಣುವಾದರೋ ಎಲ್ಲರಿಗೂ ಹೊಸ ಪಾಠವೇ ಆಗಿತ್ತು.

ಅದರ ಪರಿಣಾಮವನ್ನು ಇಂಗ್ಲೆಂಡಿನ ವೃದ್ಧಾಶ್ರಮಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. 2020ರ ಮೊದಲ ಅಲೆಯಲ್ಲಿ ಅಲ್ಲಿ ಸಾವಿರಾರು ವೃದ್ಧರು ಸತ್ತಿದ್ದರು. ಆದ್ದರಿಂದ ಆ ಡಿಸೆಂಬರಿನಲ್ಲಿ ಲಸಿಕೆ ಬಂದಾಗ, ಆದ್ಯತೆಯ ಪಟ್ಟಿಯ ಮೊದಲ ಸಾಲಿನಲ್ಲಿಯೇ ಆಶ್ರಮವಾಸಿಗಳನ್ನೂ ಅವರ ಆರೈಕೆದಾರರನ್ನೂ ಇರಿಸಿದರು. 'ವಿವಾಲ್ಡಿ' ಎಂಬ ಅಧ್ಯಯನದವರು ಇವರಿಬ್ಬರ ರಕ್ತವನ್ನೂ ಪರೀಕ್ಷಿಸುತ್ತ ಬಂದರು. ಮೊದಲೇ ಸೋಂಕು ತಗುಲಿರದ ವೃದ್ಧರಲ್ಲಿ, ಒಂದು ಡೋಸಿನ ಬಳಿಕ ಪ್ರತಿಕಾಯಗಳು ಸಿಬ್ಬಂದಿಗಿಂತ ಕಡಿಮೆ ಇದ್ದವು, ಎರಡನೆಯದರಿಂದ ಏರಿದವು. ಕೆಲವೇ ತಿಂಗಳುಗಳಲ್ಲಿ ಸೋಂಕಿನ ವಿರುದ್ಧದ ರಕ್ಷಣೆ ಇಳಿಯಿತು. ಸಾವಿನ ವಿರುದ್ಧದ ರಕ್ಷಣೆ ಅಷ್ಟಾಗಿ ಇಳಿಯಲಿಲ್ಲ. ಮೂರನೆಯ ಡೋಸು ಕುಂದಿದ್ದನ್ನು ಮತ್ತೆ ಮೇಲೆತ್ತಿತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ಆರಂಭವಾದ ಬೂಸ್ಟರ್, 2022ರ ವಸಂತದಲ್ಲಿ ವೃದ್ಧರಿಗೆ ಮತ್ತೊಮ್ಮೆ ದೊರೆಯಿತು.

ಇದರಲ್ಲಿ ಅಂದು ನನಗೆ ತಿಳಿದಿದ್ದಷ್ಟನ್ನು, ಒಂದು ವಾರದ ಬಳಿಕ, ಅಕ್ಕನಿಗೆ ಹೇಳಿದೆ. ತುಸು ಹೊತ್ತು ಸುಮ್ಮನಿದ್ದವಳು, "ಅಂದ್ರೆ ಪರೀಕ್ಷೆಗೆ ಮುಂಚೆ ನೀನು ಹುಡುಗರ ಕೈಲಿ ಮತ್ತೆ ಓದಿಸ್ತಿದ್ದೆಯಲ್ಲ, ಹಾಗೇನೋ?" ಎಂದಳು. ನಾನು ಹೇಳಬೇಕಾಗಿದ್ದ ಮಾತನ್ನು ಅವಳೇ ಹೇಳಿದ್ದಳು. ಫೆಬ್ರುವರಿಯಲ್ಲಿ ಚುಚ್ಚಿಸಿಕೊಂಡಳು.

ನಿಮ್ಮ ಮನೆಯ ಹಿರಿಯರೂ ಹೀಗೆಯೇ ಪ್ರಶ್ನೆ ಕೇಳಿದರೆ, ದಯವಿಟ್ಟು ನನ್ನ ಮೊದಲ ಉತ್ತರವನ್ನು ಕೊಡಬೇಡಿ. ಕುಳಿತು ವಿವರಿಸಿ, ಯಾವ ಲಸಿಕೆ ಯಾವಾಗ ಬೇಕೆಂಬುದನ್ನು ಅವರ ವೈದ್ಯರಲ್ಲಿ ವಿಚಾರಿಸಿ. ಹಿರಿಯರಿಗೂ ಕಾರಣ ತಿಳಿಯುವ ಹಕ್ಕಿದೆ.